ಮಂಡಿ ಮೊಹಲ್ಲಾದ ಉಸಿರಿನ ಲೆಕ್ಕ

ಮಾರ್ಗಶಿರ ಹಿಡಿದ ಮೇಲೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳಗಾದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಬೇಕರಿಯ ಒಲೆಯಿಂದ ಆಗತಾನೇ ತೆಗೆದ ಬನ್ನಿನ ಬಿಸಿ ವಾಸನೆ, ತಳ್ಳುಗಾಡಿಯ ಮೇಲೆ ಗುಡ್ಡೆ ಹಾಕಿದ ಅವರೆಕಾಯಿಯ ಸೊಗಡು, ರಸ್ತೆಯಂಚಿಗೆ ಗುಡಿಸಿಟ್ಟ ಎಲೆಕಸಕ್ಕೆ ಯಾರೋ ಕಡ್ಡಿ ಗೀರಿದ್ದರಿಂದ ಎದ್ದ ಹೊಗೆ, ಎಲ್ಲವೂ ಒಂದರೊಳಗೊಂದು ಬೆರೆತು, ಮೇಲೆ ಹೋಗಲು ದಾರಿ ಸಿಗದೆ ಆಳೆತ್ತರದಲ್ಲೇ ಸುಳಿಯುತ್ತಿರುತ್ತವೆ. ಚಳಿಗಾಲದ ಬೆಳಗಿನಲ್ಲಿ ನೆಲದ ಬಳಿಯ ಗಾಳಿ ತಣ್ಣಗೆ, ಭಾರವಾಗಿ ಕೂತಿರುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ. ಹಾಗಾಗಿ ಹೊಗೆಯೂ ದೂಳೂ ಬಿಸಿಲೇರುವ ತನಕ ನಮ್ಮ ಮೂಗಿನ ಮಟ್ಟ ಬಿಟ್ಟು ಕದಲುವುದಿಲ್ಲ. ಆ ಕಡೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳ ಬುಡ ಕಾಣುತ್ತದೆ, ತುದಿ ಮಂಜಿನಲ್ಲಿ ಮುಚ್ಚಿಹೋಗಿದೆ.

ಕಿವಿಗೊಟ್ಟು ನಿಂತರೆ ಕೆಮ್ಮು ಕೇಳಿಸುತ್ತದೆ. ಅಂಗಡಿಯ ಷಟರ್ ಎತ್ತುವ ಸದ್ದು, ಹಾಲಿನ ಕ್ರೇಟು ನೆಲಕ್ಕೆ ಕುಕ್ಕುವ ಸದ್ದುಗಳ ನಡುವೆ ಒಂದು ಮಹಡಿಯಿಂದ ಬೀಡಿ ಸೇದಿ ಪಳಗಿದ ಎದೆಯ ಒಣ ಕೆಮ್ಮು ಬರುತ್ತದೆ. ಪಕ್ಕದ ಹೆಂಚಿನ ಮನೆಯಿಂದ, ಹೊಟ್ಟೆಯಾಳದಿಂದ ಕಫ ಕಿತ್ತು ತರುವ ಅಜ್ಜಿಯ ಕೆಮ್ಮು. ಇವೆರಡನ್ನೂ ಬೀದಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇನ್ನೆಲ್ಲೋ ಒಳಕೋಣೆಯಲ್ಲಿ ಕೂಸೊಂದು ಸಣ್ಣಗೆ, ಬಿಟ್ಟು ಬಿಟ್ಟು ಕೆಮ್ಮಿದರೆ ಮಾತ್ರ ಎದುರು ಮನೆಯಾಕೆ ರಂಗೋಲಿ ಬಿಡುವುದನ್ನು ನಿಲ್ಲಿಸಿ ತಲೆಯೆತ್ತುತ್ತಾಳೆ. "ಯಾಕ್ರೀ, ಮಗೂಗೆ ಕಫ ಕಟ್ಟಿದೆಯಾ? ರಾತ್ರಿಯೆಲ್ಲಾ ಕೇಳಿಸ್ತಿತ್ತು."

ಈ ಓಣಿಗಳ ಬಳಿಯೇ, ಸಾಡೇ ರಸ್ತೆಯಲ್ಲಿ ಮಿಷನ್ ಆಸ್ಪತ್ರೆಯಿದೆ. ಫಲಕದ ಮೇಲಿನ ಹೆಸರು ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಆಟೋದವರಿಗೆ ಆ ಹೆಸರು ಹೇಳಿದರೆ "ಮಿಷನ್ ಆಸ್ಪತ್ರೆ ತಾನೆ?" ಎಂದು ಖಚಿತಪಡಿಸಿಕೊಂಡೇ ಮೀಟರಿಗೆ ಕೈ ಹಾಕುತ್ತಾರೆ. 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಹೆಂಗಸರಿಗೂ ಮಕ್ಕಳಿಗೂ ಎಂದು ತೆರೆದದ್ದು. ಗೇಟಿನ ಹೊರಗೆ ಬಿಸಿನೀರಿನ ಫ್ಲಾಸ್ಕು ಹಿಡಿದ ಗಂಡಸರು, ತಲೆಗೆ ಮಫ್ಲರ್ ಸುತ್ತಿದ ತಾತಂದಿರು. ಒಳಗಿನಿಂದ ಕುಲಾವಿ ತೊಟ್ಟ ಕೂಸನ್ನು ಎದೆಗವಚಿಕೊಂಡು ಬರುವ ಬಾಣಂತಿ, ಅವಳ ಹಿಂದೆ ಎರಡು ಕೈಯಲ್ಲೂ ಚೀಲ ಹಿಡಿದ ತಾಯಿ. ಇಂಥ ಮೆರವಣಿಗೆ ಈ ಗೇಟಿನಿಂದ ನೂರು ವರ್ಷಕ್ಕೂ ಮಿಕ್ಕಿ ಹೊರಡುತ್ತಲೇ ಇದೆ.

ಆ ಮೆರವಣಿಗೆ ಹೊರಡುವುದಕ್ಕೆ ಮುಂಚೆ ಒಳಗೆ ನಡೆಯುತ್ತಿದ್ದ ಒಂದು ಕೆಲಸವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ವರ್ಷ 1934. ಹೆರಿಗೆ ಕೋಣೆಯಲ್ಲಿ ಡೆಟಾಲಿನದೋ ಫಿನಾಯಿಲಿನದೋ ಘಾಟು, ಕುದಿಯುವ ನೀರಿನ ಹಬೆ. ಕೂಸು ಅತ್ತಿದೆ, ಹೊಕ್ಕುಳಬಳ್ಳಿ ಕತ್ತರಿಸಿದ್ದಾಗಿದೆ, ಮೈ ಒರೆಸಿದ್ದಾಗಿದೆ. ದಾದಿ ಅದನ್ನು ತಕ್ಕಡಿಗೆ ಹಾಕುತ್ತಾಳೆ, ಮುಳ್ಳು ನಿಲ್ಲುವ ತನಕ ಕಾಯುತ್ತಾಳೆ. ಪೌಂಡು ಲೆಕ್ಕದಲ್ಲಿ ತೂಕ ಬರೆಯುತ್ತಾಳೆ. ಟೇಪು ತೆಗೆದು ತಲೆಯ ಸುತ್ತಳತೆ ನೋಡುತ್ತಾಳೆ, ನೆತ್ತಿಯಿಂದ ಹಿಮ್ಮಡಿಯ ತನಕ ಉದ್ದ ನೋಡುತ್ತಾಳೆ. ತಾಯಿಯ ತೂಕ, ಅವಳ ಸೊಂಟದ ಮೂಳೆಯ ಅಳತೆಗಳು ಕೂಡ ಅದೇ ಹಾಳೆಗೆ ಸೇರುತ್ತವೆ. ಮಧ್ಯರಾತ್ರಿಯ ಹೆರಿಗೆಯಾದರೂ, ಒಂದರ ಹಿಂದೊಂದು ಹೆರಿಗೆಯಾದರೂ ಬರೆಯುವುದು ತಪ್ಪುವಂತಿಲ್ಲ. ಆ ಅಳತೆಗಳಿಂದ ಮುಂದೇನಾಗುತ್ತದೆ ಎಂದು ಬರೆದವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಅಷ್ಟು ಶ್ರದ್ಧೆಯಿಂದ ಬರೆದರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಬರೆದದ್ದು ಕಪಾಟು ಸೇರಿತು. ಆರು ದಶಕದಷ್ಟು ಹೊತ್ತಿಗೆ ಆ ಕೂಸುಗಳು ತಲೆ ನರೆತ ಗೃಹಸ್ಥರಾಗಿದ್ದರು, ಮೊಮ್ಮಕ್ಕಳನ್ನು ಕಂಡ ಅಜ್ಜಿಯರಾಗಿದ್ದರು. ಆಗ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯ ವಿಜ್ಞಾನಿ, ಮನುಷ್ಯನ ಮುಂದಿನ ಕಾಯಿಲೆಗಳ ಬೇರು ಗರ್ಭದೊಳಗಿನ ಬೆಳವಣಿಗೆಯಲ್ಲೇ ಇದೆ ಎಂದು ವಾದಿಸುತ್ತಿದ್ದರು. ಅದನ್ನು ಪರೀಕ್ಷಿಸಲು ಹಳೆಯ, ನಂಬಬಹುದಾದ ಜನನದ ದಾಖಲೆ ಬೇಕು. ಭಾರತದಲ್ಲಿ ಅಂಥ ದಾಖಲೆ ಸಿಕ್ಕಿದ್ದು ಈ ಮಂಡಿ ಮೊಹಲ್ಲಾದಲ್ಲಿ. ಬಾರ್ಕರ್ ಅವರ ಸಹೋದ್ಯೋಗಿ ಕ್ಯಾರೊಲಿನ್ ಫಾಲ್, ಜೊತೆಗೆ ಕ್ಲಾಡಿಯಾ ಸ್ಟೀನ್, ಕೆ. ಕುಮಾರನ್ ಮೊದಲಾದವರು ಆ ಹಾಳೆಗಳ ಹಿಂದಿನ ಮನುಷ್ಯರನ್ನು ಹುಡುಕಲು ತೊಡಗಿದರು. ಹುಡುಕುವುದೆಂದರೆ ಮನೆ ಮನೆಯ ಬಾಗಿಲು ತಟ್ಟುವುದು. ಹುಟ್ಟಿದ ತಾರೀಖು ಕೇಳಿದರೆ ಹಬ್ಬದ ಹೆಸರು ಹೇಳುವ ಪೀಳಿಗೆ ಅದು. ಒಂದೇ ಬೀದಿಯಲ್ಲಿ ಒಂದೇ ಹೆಸರಿನ ನಾಲ್ಕಾರು ಮಂದಿ. ತಂದೆಯ ಹೆಸರು, ತಾಯಿಯ ಹೆಸರು, ಇದ್ದ ಬೀದಿ, ಎಲ್ಲವೂ ಹಾಳೆಗೆ ತಾಳೆಯಾದರೆ ಮಾತ್ರ ಒಬ್ಬರು ಸಿಕ್ಕಂತೆ.

ಹೀಗೆ ಸಿಕ್ಕವರಲ್ಲಿ 517 ಮಂದಿಯ ಹೃದಯ ಪರೀಕ್ಷೆಯ ಫಲ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಗಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿದ್ದರೆ, ಏಳು ಪೌಂಡಿಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇ. 3. ಆ ಅಧ್ಯಯನ ಜಗತ್ತಿನ ಕಿವಿಗೆ ಬಿತ್ತು. ಅದರ ಬೆನ್ನಿಗೇ, 1997ರಲ್ಲಿ, ಥೊರಾಕ್ಸ್ ಎಂಬ ಎದೆರೋಗಗಳ ಪತ್ರಿಕೆಯಲ್ಲಿ ಬಂದ ಇನ್ನೊಂದು ಬರಹದ ಬಗ್ಗೆ ಮೈಸೂರಿನವರೇ ಮಾತಾಡಿದ್ದು ಕಡಿಮೆ. ಅದು ಉಸಿರಿನ ಲೆಕ್ಕ.

286 ಗಂಡಸರು, ಹೆಂಗಸರು, 38ರಿಂದ 59ರ ವಯಸ್ಸಿನವರು. ಎಲ್ಲರೂ ಇದೇ ಆಸ್ಪತ್ರೆಯಲ್ಲಿ ಹುಟ್ಟಿದವರು. ಸ್ಪೈರೋಮೀಟರ್ ಎಂಬ ಉಪಕರಣದ ಕೊಳವೆಯನ್ನು ತುಟಿಗೆ ಬಿಗಿಯಾಗಿ ಹಿಡಿದು, ಎದೆ ತುಂಬ ಗಾಳಿ ಎಳೆದು, ಒಂದೇ ಏಟಿಗೆ ಊದಬೇಕು. ಈ ಪರೀಕ್ಷೆ ನೋಡಿದವರಿಗೆ ಅದರ ಗದ್ದಲ ಗೊತ್ತು. ಪಕ್ಕದಲ್ಲಿ ನಿಂತವರು "ಊದಿ, ಊದಿ, ಇನ್ನೂ ಊದಿ, ಬಿಡಬೇಡಿ" ಎಂದು ಹುರಿದುಂಬಿಸುತ್ತಲೇ ಇರಬೇಕು. ಕೆಲವರಿಗೆ ನಗು ಬಂದು ಗಾಳಿ ಸೋರಿಹೋಗುತ್ತದೆ, ಕೆಲವರಿಗೆ ಕೆಮ್ಮು ಹತ್ತಿ ಮತ್ತೆ ಮೊದಲಿಂದ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು, ಒಟ್ಟು ಎಷ್ಟು ಬಂತು ಎಂಬುದೇ ಬೇಕಾದ ಅಂಕಿ. ಅದನ್ನು ದಾದಿಯರ ಹಳೆಯ ಹಾಳೆಯ ಪಕ್ಕ ಇಟ್ಟು ನೋಡಿದಾಗ, ಹುಟ್ಟುವಾಗ ತೂಕ ಕಡಿಮೆಯಿದ್ದಷ್ಟೂ ನಡುವಯಸ್ಸಿನ ಉಸಿರು ಕಡಿಮೆ ಎಂದು ಕಂಡಿತು. ಗಂಡಸರಲ್ಲಿ ಹುಟ್ಟುವಾಗ ತಲೆ ಸಣ್ಣದಿದ್ದವರಿಗೆ ಶ್ವಾಸನಾಳಗಳೂ ಕಿರಿದಾಗಿರುವ ಸೂಚನೆ ಸಿಕ್ಕಿತು.

ಯಾಕೆ ಹೀಗೆ ಎನ್ನುವುದಕ್ಕೆ ಶ್ವಾಸಕೋಶ ಕಟ್ಟಿಕೊಳ್ಳುವ ಬಗೆಯನ್ನು ನೋಡಬೇಕು. ಬಸುರಿನ ನಾಲ್ಕನೆಯ ತಿಂಗಳು ಮುಗಿಯುವ ಹೊತ್ತಿಗೆ, ತಾಯಿಗೆ ಮಗು ಮಿಸುಕಿದ್ದು ಇನ್ನೂ ಸರಿಯಾಗಿ ತಿಳಿಯುವ ಮುಂಚೆ, ಗಾಳಿ ಸಾಗುವ ನಾಳಗಳೆಲ್ಲ ಕವಲೊಡೆದು ಮುಗಿದಿರುತ್ತವೆ. ಆಮೇಲೆ ಅವು ಉದ್ದವಾಗಬಹುದು, ಅಗಲವಾಗಬಹುದು. ಹೊಸ ಕವಲು ಹುಟ್ಟುವುದಿಲ್ಲ. ನಾಳಗಳ ತುದಿಯ ಗಾಳಿಗೂಡುಗಳ ಕಥೆ ಬೇರೆ. ಅವು ಬಸುರಿನ ಕೊನೆಯ ತಿಂಗಳುಗಳಲ್ಲಿ ಮೂಡಲು ಶುರುವಾಗಿ, ಮಗು ಹುಟ್ಟಿ ಅಂಬೆಗಾಲಿಟ್ಟು ಓಡಾಡುವ ವರ್ಷಗಳಲ್ಲೂ ಹೆಚ್ಚುತ್ತಾ ಹೋಗುತ್ತವೆ. ಬೆಳೆದ ಮನುಷ್ಯನಲ್ಲಿ ಅವು 30ರಿಂದ 50 ಕೋಟಿ. ಹುಟ್ಟಿದ ಕೂಸಿನಲ್ಲಿ ಅದರ ಸಣ್ಣ ಪಾಲು ಮಾತ್ರ. ಅಂದರೆ ಮೊದಲ ಎರಡು ಮೂರು ವರ್ಷ, ಮಗು ಉಸಿರಾಡುತ್ತಲೇ ತನ್ನ ಉಸಿರಿನ ಮನೆಯನ್ನು ಕಟ್ಟುತ್ತಿರುತ್ತದೆ. ಆ ಹೊತ್ತಿಗೆ ಸೋಂಕು ಹೊಕ್ಕರೆ ಏನಾಗುತ್ತದೆ? ಬಾರ್ಕರ್ ಮತ್ತು ಸಂಗಡಿಗರು ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯ ಹಳೆಯ ದಾಖಲೆಗಳಿಂದ 1991ರಲ್ಲಿ ಇದಕ್ಕೂ ಒಂದು ಉತ್ತರ ಕೊಟ್ಟಿದ್ದರು. ಮೊದಲ ವರ್ಷದಲ್ಲಿ ನ್ಯುಮೋನಿಯಾ ಅಥವಾ ಬ್ರಾಂಕೈಟಿಸ್ ಬಂದಿದ್ದವರ ಉಸಿರಿನ ಬಲ, ಅರವತ್ತರ ಆಸುಪಾಸಿನಲ್ಲಿ ಅಳೆದರೂ, ಬರದಿದ್ದವರಿಗಿಂತ ಕಡಿಮೆಯಿತ್ತು. ಸಿಗರೇಟಿನ ಲೆಕ್ಕ ಬಿಟ್ಟು ನೋಡಿದಾಗಲೂ ಹಾಗೇ.

ಆಗ ಮಂಡಿ ಮೊಹಲ್ಲಾದ ಬೆಳಗಿನ ಕೆಮ್ಮುಗಳು ಬೇರೆಬೇರೆಯಾಗಿ ಉಳಿಯುವುದಿಲ್ಲ. ಮಹಡಿಯ ಮೇಲಿನ ತಾತನ ಕೆಮ್ಮಿಗೂ ಒಳಕೋಣೆಯ ಕೂಸಿನ ಕೆಮ್ಮಿಗೂ ನಡುವೆ ಒಂದು ಎಳೆ ಇರಬಹುದು. ಬೀಡಿಯೊಂದನ್ನೇ ಬೈದು ಸುಮ್ಮನಾಗುವ ನಮಗೆ ಇದು ಯೋಚಿಸಬೇಕಾದ ಮಾತು.

ಇನ್ನು ಇಲ್ಲಿಂದ ಇರ್ವಿನ್ ರಸ್ತೆ ಹಿಡಿದು ರೈಲ್ವೆ ಸ್ಟೇಷನ್ ಕಡೆ ನಡೆಯೋಣ. ಅಷ್ಟು ಹೊತ್ತಿಗೆ ಬಿಸಿಲು ಬಂದಿರುತ್ತದೆ. ಚೆಲುವಾಂಬ ಆಸ್ಪತ್ರೆಯ ಮುಂದೆ ಹೂವಿನವರು, ಎಳನೀರಿನವರು, ಪ್ಲಾಸ್ಟಿಕ್ ಬಕೆಟ್ಟು ಚಾಪೆ ಮಾರುವವರು. ಎಚ್.ಡಿ. ಕೋಟೆ, ನಂಜನಗೂಡು, ಚಾಮರಾಜನಗರ, ಮಂಡ್ಯದ ಕಡೆಯ ಮಾತುಗಳೆಲ್ಲ ಇಲ್ಲಿ ಒಟ್ಟಿಗೆ ಕೇಳುತ್ತವೆ. ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆ ಇದು. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂದ ಕಾಲೇಜು ಅದು. ಚಳಿ ಬಿದ್ದ ಮೇಲೆ ಮಕ್ಕಳ ವಿಭಾಗದ ಹೊರಗಿನ ಬೆಂಚುಗಳಲ್ಲಿ ಎಲ್ಲರ ಮಡಿಲಲ್ಲೂ ಒಂದೊಂದು ಉಣ್ಣೆಯ ಗಂಟು. ಗಂಟಿನೊಳಗಿಂದ ಗೊರಗೊರ ಸದ್ದು.

ಒಬ್ಬ ಸಿಸ್ಟರ್ ಒಂದು ಮಗುವಿನ ಮುಂದೆ ಕೂತಿದ್ದಾರೆ. ಹತ್ತು ತಿಂಗಳಿರಬಹುದು ಆ ಮಗುವಿಗೆ. "ಅಂಗಿ ಮೇಲಕ್ಕೆತ್ತಮ್ಮ. ಅಳಿಸಬೇಡ. ಹಾಲು ಬಿಡಿಸಿದೀಯಲ್ಲ? ಹಾಂ, ಹಾಗೇ ಮಲಗಿಸಿಕೋ." ಕೈಗಡಿಯಾರದ ಮುಳ್ಳು ಮೇಲಕ್ಕೆ ಬಂದ ಕೂಡಲೇ ಅವರ ಮಾತು ನಿಲ್ಲುತ್ತದೆ. ಕಣ್ಣು ಮಗುವಿನ ಹೊಟ್ಟೆಯ ಮೇಲೆ. ಏಳುತ್ತದೆ, ಇಳಿಯುತ್ತದೆ. ಏಳುತ್ತದೆ, ಇಳಿಯುತ್ತದೆ. ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಒಳದಾರಿ ಇಲ್ಲಿ ನಡೆಯುವುದಿಲ್ಲ. ಚಿಕ್ಕ ಮಕ್ಕಳ ಉಸಿರು ಒಮ್ಮೆ ಜೋರು, ಒಮ್ಮೆ ನಿಧಾನ. ಎರಡು ತಿಂಗಳು ತುಂಬದ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ವರ್ಷದೊಳಗಿನದಕ್ಕೆ 50, ಒಂದರಿಂದ ಐದು ವರ್ಷದ ಮಗುವಿಗೆ 40, ಇವು ಗಡಿಗಳು. ದಾಟಿದರೆ ನ್ಯುಮೋನಿಯಾ ಎಂದೇ ಹಿಡಿದು ನಡೆಯಬೇಕು. ನಿಮಿಷ ಮುಗಿಯಿತು. ಸಿಸ್ಟರ್ 58 ಎಂದು ಬರೆದರು. ಆಮೇಲೆ ಬೆರಳಿನಿಂದ ಮಗುವಿನ ಪಕ್ಕೆಯ ಕೆಳಭಾಗವನ್ನು ತೋರಿಸಿ ತಾಯಿಗೆ ಹೇಳಿದರು: "ನೋಡು, ಉಸಿರು ಎಳೆದಾಗ ಇಲ್ಲಿ ಒಳಕ್ಕೆ ಹೋಗ್ತಿದೆ. ಇದು ಕಂಡ್ರೆ ಕಾಯಬಾರದು."

ಈ ಸರಳ ಎಣಿಕೆಯ ಹಿಂದೆಯೂ ಸಂಶೋಧನೆಯ ಬೆವರಿದೆ. 1980ರ ದಶಕದಲ್ಲಿ ಪಪುವಾ ನ್ಯೂಗಿನಿಯ ಗುಡ್ಡಗಾಡಿನ ಗೊರೊಕಾ ಊರಿನಲ್ಲಿ ಫ್ರಾಂಕ್ ಶಾನ್ ಎಂಬ ಮಕ್ಕಳ ವೈದ್ಯ, ಎಕ್ಸ್‌-ರೇ ಇಲ್ಲದ ಕಡೆ ನ್ಯುಮೋನಿಯಾವನ್ನು ಮಾಮೂಲಿ ಕೆಮ್ಮಿನಿಂದ ಬೇರ್ಪಡಿಸುವುದು ಹೇಗೆ ಎಂದು ಹುಡುಕುತ್ತಾ, ಸ್ಟೆತಾಸ್ಕೋಪಿಗಿಂತ ಬರಿಗಣ್ಣೇ ವಾಸಿ ಎಂಬಲ್ಲಿಗೆ ಬಂದರು: ಉಸಿರಿನ ವೇಗ, ಪಕ್ಕೆಯ ಸೆಳೆತ. ನಮ್ಮ ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಅದನ್ನು ಹಳ್ಳಿಯ ಸೂಲಗಿತ್ತಿಯರ ಕೈಗೆ ಕೊಟ್ಟರು. ಲೆಕ್ಕ ಬಾರದವರಿಗಾಗಿ ಮಣಿಗಳ ಸಾಲು, ಒಂದು ನಿಮಿಷದ ಮರಳು ಗಡಿಯಾರ. ಹತ್ತು ಉಸಿರಿಗೆ ಒಂದು ಮಣಿ ಸರಿಸಿದರಾಯಿತು. ಅಂಥ ಹಳ್ಳಿಗಳಲ್ಲಿ ನ್ಯುಮೋನಿಯಾದ ಸಾವು, ಉಳಿದ ಹಳ್ಳಿಗಳ ಅರ್ಧದಷ್ಟಕ್ಕೆ ಇಳಿಯಿತು ಎಂದು ಅವರು 1990ರಲ್ಲಿ ಬರೆದರು.

ವೈದ್ಯೆ ಬಂದರು. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಮಗುವಿನ ಬೆನ್ನಿಗಿಟ್ಟರು. ಜೊತೆಗಿದ್ದ ಎಳೆಯ ವಿದ್ಯಾರ್ಥಿನಿಗೆ ಕೇಳಲು ಕೊಟ್ಟರು. ಕಿವಿಯ ಪಕ್ಕದ ಕೂದಲನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದರೆ ಬರುವ ಸಣ್ಣ ಕರಕರ ಸದ್ದು, ಅದನ್ನೇ ಹೋಲುತ್ತದೆ ಎಂದು ತಲೆಮಾರುಗಳಿಂದ ವೈದ್ಯ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಾ ಬಂದಿದ್ದಾರೆ. ವಿದ್ಯಾರ್ಥಿನಿ ತನ್ನ ಕೂದಲೆಳೆ ಉಜ್ಜಿ, ಮತ್ತೆ ಮಗುವಿನ ಬೆನ್ನಿಗೆ ಬಿಲ್ಲೆಯಿಟ್ಟು, ತಲೆಯಾಡಿಸಿದಳು.

ಆ ಕರಕರ ಎಲ್ಲಿಂದ ಬರುತ್ತದೆ? ನಾವು ಎಳೆದ ಗಾಳಿಯೊಂದಿಗೆ ದೂಳು, ವೈರಾಣು, ಬ್ಯಾಕ್ಟೀರಿಯಾ ಒಳಗೆ ಹೋಗುತ್ತಲೇ ಇರುತ್ತವೆ. ಶ್ವಾಸನಾಳದ ಒಳಗೋಡೆಯಲ್ಲಿ ಅಂಟಾದ ಲೋಳೆ, ಅದರಡಿ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬೀಸುವ ಸೂಕ್ಷ್ಮ ರೋಮಗಳು. ಲೋಳೆಗೆ ಸಿಕ್ಕಿದ್ದನ್ನು ರೋಮಗಳು ಗಂಟಲಿನ ಕಡೆಗೆ ತಳ್ಳುತ್ತವೆ. ನಾವು ನುಂಗುತ್ತೇವೆ, ಇಲ್ಲವೇ ಕೆಮ್ಮಿ ಉಗುಳುತ್ತೇವೆ. ತಪ್ಪಿಸಿಕೊಂಡು ಗಾಳಿಗೂಡಿಗೆ ಇಳಿದವನ್ನು ಅಲ್ಲೇ ಕಾವಲಿರುವ ಭಕ್ಷಕ ಕಣಗಳು ತಿಂದು ಹಾಕುತ್ತವೆ. ಫ್ಲೂ ವೈರಾಣು ಬಂದರೆ ಮೊದಲು ಕೆಡುವುದೇ ಆ ರೋಮಗಳಿರುವ ಪದರ. ಬಾಗಿಲು ಮುರಿದ ಮೇಲೆ, ಅಷ್ಟು ದಿನ ಮೂಗಿನ ಹಿಂಭಾಗದಲ್ಲಿ ಸದ್ದಿಲ್ಲದೆ ಇದ್ದ ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಕೆಳಗಿಳಿಯುತ್ತದೆ. 1918ರ ಮಹಾ ಇನ್‌ಫ್ಲುಯೆಂಜಾದಲ್ಲಿ ಸತ್ತವರಲ್ಲಿ ಬಹುಪಾಲು ಜನರ ಶ್ವಾಸಕೋಶದಲ್ಲಿ ಹೀಗೆ ಬೆನ್ನಿಗೆ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ ಇತ್ತು ಎಂದು, ಜೋಪಾನ ಮಾಡಿಟ್ಟಿದ್ದ ಅಂಗಾಂಶಗಳನ್ನು ಮತ್ತೆ ಪರೀಕ್ಷಿಸಿ 2008ರಲ್ಲಿ ವಿಜ್ಞಾನಿಗಳು ತೋರಿಸಿದರು.

ಗಾಳಿಗೂಡಿನಲ್ಲಿ ಕಾಳಗ ಶುರುವಾದರೆ ರಕ್ತನಾಳಗಳು ಸಡಿಲಗೊಂಡು ನೀರು ಒಸರುತ್ತದೆ, ಬಿಳಿಯ ರಕ್ತಕಣಗಳು ನುಗ್ಗಿ ಬರುತ್ತವೆ. ಗಾಳಿ ಇರಬೇಕಾದ ಕಡೆ ಕೀವು, ನೀರು. ಉಸಿರೆಳೆದಾಗ ಮುಚ್ಚಿಕೊಂಡಿದ್ದ ಸಣ್ಣ ನಾಳಗಳು ತಟ್ಟನೆ ತೆರೆಯುತ್ತವಲ್ಲ, ಅದೇ ಆ ಕರಕರ. ಶ್ವಾಸಕೋಶ ಬಿಗಿಯಾಗುವುದರಿಂದ ಆಳವಾಗಿ ಎಳೆಯಲಾಗದೆ ಮಗು ಮೇಲಿಂದ ಮೇಲೆ ಚಿಕ್ಕ ಉಸಿರು ತೆಗೆಯುತ್ತದೆ. ಮಕ್ಕಳ ಪಕ್ಕೆಲುಬು ಇನ್ನೂ ಎಳೆಯದು, ಬಾಗುವಂಥದು. ವಪೆ ಜೋರಾಗಿ ಕೆಳಕ್ಕೆ ಜಗ್ಗಿದಾಗ ಎದೆಗೂಡಿನ ಕೆಳಭಾಗ ಒಳಕ್ಕೆ ಹೋಗುತ್ತದೆ. ಸಿಸ್ಟರ್ ಬೆರಳಿಟ್ಟು ತೋರಿಸಿದ್ದು ಅದನ್ನೇ.

ಎಲ್ಲ ನ್ಯುಮೋನಿಯಾದ ಹಿಂದೆಯೂ ಬ್ಯಾಕ್ಟೀರಿಯಾ ಇರುವುದಿಲ್ಲ. ಏಷ್ಯಾ, ಆಫ್ರಿಕಾದ ಏಳು ದೇಶಗಳಲ್ಲಿ ನಡೆದು 2019ರಲ್ಲಿ ಲ್ಯಾನ್ಸೆಟ್ಟಿನಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಎಕ್ಸ್‌-ರೇಯಲ್ಲಿ ಗುರುತು ಕಂಡ ತೀವ್ರ ನ್ಯುಮೋನಿಯಾಕ್ಕೆ ವೈರಾಣುಗಳೇ ಹೆಚ್ಚು ಕಾರಣವಾಗಿದ್ದವು. ಆರ್‌ಎಸ್‌ವಿ ಎಂಬ ಒಂದೇ ವೈರಾಣು ಮೂರರಲ್ಲೊಂದು ಪಾಲಿನಷ್ಟಿತ್ತು. ದೊಡ್ಡವರಲ್ಲಿ ಹೆಚ್ಚಿನವರಿಗೆ ಅದು ಬರೀ ನೆಗಡಿ. ಮೂಗೊರೆಸಿಕೊಂಡ ಕೈಯಲ್ಲೇ ಎತ್ತಿ ಮುದ್ದಾಡಿದ ಕೂಸಿಗೆ ಅದೇ ಆಸ್ಪತ್ರೆಯ ದಾರಿ.

ಕಾಲೇಜಿನ ಸೂಕ್ಷ್ಮಜೀವಿ ಪ್ರಯೋಗಾಲಯದ ಗಾಳಿಯೇ ಬೇರೆ. ಬೇಯಿಸಿದ ಅಗರ್‌ನ ಮಾಂಸದ ಸಾರಿನ ವಾಸನೆ, ಅದರ ಮೇಲೆ ಸ್ಪಿರಿಟ್ಟಿನ ಚುರುಕು. ಗಾಜಿನ ಪಟ್ಟಿಯ ಮೇಲೆ ಕಫದ ತೆಳು ಲೇಪ. ಅದಕ್ಕೆ ನೇರಳೆ ಬಣ್ಣ ಹನಿಸಿ, ಕಾದು, ತೊಳೆದು, ಅಯೋಡಿನ್ ಹಾಕಿ, ಮತ್ತೆ ಕಾದು, ಆಲ್ಕೊಹಾಲಿನಿಂದ ಬಣ್ಣ ತೆಗೆದು, ಕೊನೆಗೆ ಕೆಂಪು ಬಣ್ಣ ಹಾಕುತ್ತಾರೆ. ಮಾಡುವವರ ಕೈ ಗಡಿಯಾರ ನೋಡದೆಯೂ ಹೊತ್ತು ಬಲ್ಲದು. ಬೆರಳ ತುದಿಗಳು ಸೋಪಿಗೂ ಬಗ್ಗದ ನೇರಳೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಗುಲಾಬಿ ನೆಲದ ಮೇಲೆ ಕಡುನೇರಳೆಯ ಜೋಡಿ ಚುಕ್ಕಿಗಳು: ನ್ಯುಮೊಕಾಕಸ್. ಈ ವಿಧಾನ ಹುಟ್ಟಿದ್ದೇ ನ್ಯುಮೋನಿಯಾದಿಂದ. 1884ರಲ್ಲಿ ಬರ್ಲಿನ್ನಿನ ಶವಾಗಾರದಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ, ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ಚೂರುಗಳಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣುವಂತೆ ಮಾಡಲು ಹೊರಟಾಗ ಸಿಕ್ಕಿದ ಬಣ್ಣದ ಗುಟ್ಟು ಇದು. ಅದಕ್ಕೆ ಮೂರು ವರ್ಷ ಮುಂಚೆ, ಫ್ರಾನ್ಸಿನಲ್ಲಿ ಪಾಶ್ಚರ್, ಅಮೆರಿಕದಲ್ಲಿ ಸ್ಟರ್ನ್‌ಬರ್ಗ್, ಒಬ್ಬರಿಗೊಬ್ಬರು ತಿಳಿಯದೆ, ಮನುಷ್ಯನ ಎಂಜಲಿನಲ್ಲಿ ಈ ಜೋಡಿ ಚುಕ್ಕಿಗಳನ್ನು ಕಂಡಿದ್ದರು.

ಚುಕ್ಕಿಗಳ ಸುತ್ತ ಬಣ್ಣ ಹಿಡಿಯದ ಒಂದು ತೆಳುಬೆಳಕಿನ ಅಂಚಿದೆ. ಅದು ಸಕ್ಕರೆಯ ಸರಪಣಿಗಳ ಕವಚ. ಅದರಿಂದಾಗಿ ಭಕ್ಷಕ ಕಣಗಳ ಹಿಡಿತಕ್ಕೆ ಬ್ಯಾಕ್ಟೀರಿಯಾ ಸಿಗದೆ ಜಾರುತ್ತದೆ. ಕವಚದಲ್ಲಿ ಸುಮಾರು ನೂರು ಬಗೆ. 1928ರಲ್ಲಿ ಲಂಡನ್ನಿನ ಫ್ರೆಡರಿಕ್ ಗ್ರಿಫಿತ್, ಕವಚವಿಲ್ಲದ ನಿರುಪದ್ರವಿ ನ್ಯುಮೊಕಾಕಸ್ ಜೊತೆಗೆ ಕವಚವಿದ್ದ ಸತ್ತ ನ್ಯುಮೊಕಾಕಸ್ ಬೆರೆಸಿ ಇಲಿಗೆ ಚುಚ್ಚಿದರು. ಇಲಿ ಸತ್ತಿತು, ಅದರೊಳಗೆ ಕವಚ ತೊಟ್ಟ ಜೀವಂತ ಬ್ಯಾಕ್ಟೀರಿಯಾ ಇದ್ದವು. ಸತ್ತದ್ದು ಬದುಕಿದ್ದಕ್ಕೆ ಏನನ್ನು ದಾಟಿಸಿತು? ನ್ಯೂಯಾರ್ಕಿನಲ್ಲಿ ಏವರಿ, ಮೆಕ್ಲಿಯಡ್, ಮೆಕಾರ್ಟಿ ವರ್ಷಗಟ್ಟಲೆ ಶೋಧಿಸಿ 1944ರಲ್ಲಿ ಉತ್ತರ ಕೊಟ್ಟರು: ಡಿಎನ್‌ಎ. ವಂಶವಾಹಿಯ ವಸ್ತು ಯಾವುದೆಂಬ ಅರಿವು ಮನುಷ್ಯನಿಗೆ ಬಂದದ್ದು ಈ ಎದೆರೋಗದ ಕ್ರಿಮಿಯಿಂದ.

ಪ್ರಯೋಗಾಲಯದ ಮೂಲೆಯ ಒಂದು ಜಾಡಿಯೊಳಗೆ ಮೇಣದಬತ್ತಿ ಹಚ್ಚಿಟ್ಟು ಮುಚ್ಚಳ ಬಿಗಿಯುವುದು ಹಳೆಯ ರೂಢಿ. ಬತ್ತಿ ತಾನೇ ಆರುವ ಹೊತ್ತಿಗೆ ಒಳಗಿನ ಗಾಳಿಯಲ್ಲಿ ನ್ಯುಮೊಕಾಕಸ್ಸಿಗೆ ಬೇಕಾದಷ್ಟು ಇಂಗಾಲದ ಡೈಆಕ್ಸೈಡ್ ಸೇರಿರುತ್ತದೆ. ಕುರಿಯ ರಕ್ತ ಬೆರೆಸಿದ ಕೆಂಪು ತಟ್ಟೆಯ ಮೇಲೆ ಅದು ಬೆಳೆದರೆ ಸುತ್ತ ಹಸಿರು ಮಿಶ್ರಿತ ವಲಯ ಮೂಡುತ್ತದೆ. ಆದರೆ ಬಹಳ ಸಲ ಮೂಡುವುದಿಲ್ಲ. ಪರೀಕ್ಷೆಗೆಂದು ಚಿಕ್ಕ ಮಕ್ಕಳಿಂದ ಸಿಗುವ ರಕ್ತವೇ ಸ್ವಲ್ಪ. ಜೊತೆಗೆ, ಆಸ್ಪತ್ರೆಗೆ ಬರುವ ಮುಂಚೆಯೇ ಮೆಡಿಕಲ್ ಶಾಪಿನಿಂದ ತಂದು ಕುಡಿಸಿದ ನಾಲ್ಕು ಚಮಚ ಆಂಟಿಬಯೋಟಿಕ್ ಸಾಕು, ತಟ್ಟೆ ಖಾಲಿ ಉಳಿಯಲು. ಕ್ರಿಮಿ ಯಾವುದೆಂದು ತಿಳಿಯುವ ದಾರಿ ಅಲ್ಲಿಗೆ ಮುಚ್ಚಿತು. ಹೀಗಿದ್ದೂ ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎಲ್. ರವಿಕುಮಾರ್ ಮತ್ತು ಅವರ ಬಳಗ, ನಮ್ಮ ಮಕ್ಕಳಲ್ಲಿ ಯಾವ ಯಾವ ಕವಚದ ನ್ಯುಮೊಕಾಕಸ್ ಇದೆ ಎಂದು ವರ್ಷಗಳ ಕಾಲ ಕೂಡಿಸಿಟ್ಟ ಲೆಕ್ಕ, ಲಸಿಕೆಯ ವಿಚಾರ ಬಂದಾಗ ಕೆಲಸಕ್ಕೆ ಬಂತು.

ಹೊಗೆಯ ಮಾತು ಬಿಟ್ಟರೆ ಮೈಸೂರಿನ ಉಸಿರಿನ ಕಥೆ ಅರ್ಧವೇ. ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಸೌದೆ ಒಲೆಯ ಮುಂದೆ ಕೂತ ಹೆಂಗಸರ ಎದೆಯನ್ನು ಪರೀಕ್ಷಿಸಿದರು. ದಿನಕ್ಕೆ ಎಷ್ಟು ಗಂಟೆ ಅಡುಗೆ, ಎಷ್ಟು ವರ್ಷದಿಂದ, ಎರಡನ್ನೂ ಗುಣಿಸಿದರೆ ಬರುವ ಅಂಕಿ 60 ಮುಟ್ಟಿದ ಮೇಲೆ ಕಾಯಂ ಕೆಮ್ಮು-ಕಫದ ಅಪಾಯ ಎದ್ದು ಕಾಣುತ್ತದೆ ಎಂದು 2013ರಲ್ಲಿ ಬರೆದರು. ದಿನಕ್ಕೆ ಮೂರು ಗಂಟೆ ಎಂದರೆ ಇಪ್ಪತ್ತು ವರ್ಷ. ಹದಿನೆಂಟಕ್ಕೆ ಮದುವೆಯಾಗಿ ಬಂದವಳಿಗೆ ನಲವತ್ತು ತುಂಬುವ ಮುಂಚೆಯೇ ಅದು ಮುಗಿಯಿತು. ಆ ಒಲೆಯ ಮುಂದೆ ಅವಳ ಸೊಂಟದಲ್ಲಿ ಕೂಸೂ ಇತ್ತು. ಈಗ ಗ್ಯಾಸ್ ಬಂದಿದೆ, ನಿಜ. ಆದರೆ ಬಚ್ಚಲಿನ ಹಂಡೆ ಒಲೆ ಇನ್ನೂ ತೆಂಗಿನ ಗರಿಯಿಂದಲೇ ಉರಿಯುವ ಮನೆಗಳು ನಗರದಂಚಿನಲ್ಲೂ ಇವೆ. ಎಣ್ಣೆ ನೀರೆರೆದ ಕೂಸನ್ನು ಸಾಂಬ್ರಾಣಿ ಕೆಂಡದ ಮೇಲೆ ಹಿಡಿಯುವ ಬಾಣಂತನದ ರೂಢಿಯೂ ಬಿಟ್ಟಿಲ್ಲ. ಆ ವಾಸನೆ ನನಗೂ ಪ್ರಿಯವೇ, ಅಜ್ಜಿಯರ ಕೈ ನೆನಪಾಗುತ್ತದೆ. ಆದರೂ ಗಾಳಿಗೂಡು ಬಲಿಯದ ಎದೆಗೆ ಆ ಹೊಗೆ ಬೇಡ ಎನ್ನುವ ಮಕ್ಕಳ ವೈದ್ಯರ ಮಾತೇ ಸರಿ.

ಗುರುವಾರದ ಲಸಿಕೆ ದಿನ. ಬಡಾವಣೆಯ ಅಂಗನವಾಡಿಯ ಗೋಡೆಗೆ ಬರೆದ ನವಿಲಿನ ಕೆಳಗೆ ಬೆಂಚು, ಬೆಂಚಿನ ಮೇಲೆ ನೀಲಿ ಡಬ್ಬಿ, ಅದರೊಳಗೆ ಮಂಜುಗಡ್ಡೆಯ ಪ್ಯಾಕುಗಳ ನಡುವೆ ಸಣ್ಣ ಶೀಶೆಗಳು. ನ್ಯುಮೊಕಾಕಸ್ ಲಸಿಕೆ 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶಕ್ಕೆಲ್ಲ ಬಂತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2020ರ ಡಿಸೆಂಬರಿನಲ್ಲಿ ಹೊರತಂದ ಲಸಿಕೆಯಲ್ಲಿ ಹತ್ತು ಬಗೆಯ ಕವಚದ ಸಕ್ಕರೆಯಿದೆ. ಬರೀ ಸಕ್ಕರೆಯನ್ನು ಎರಡು ವರ್ಷದೊಳಗಿನ ಮಗುವಿನ ಮೈ ಶತ್ರುವೆಂದು ಗುರುತಿಸದು. ಅದಕ್ಕೇ ಒಂದು ಪ್ರೋಟೀನಿಗೆ ಅದನ್ನು ಜೋಡಿಸುತ್ತಾರೆ. ಪ್ರೋಟೀನನ್ನು ಕಂಡು ಎಚ್ಚೆತ್ತ ಮೈ ಸಕ್ಕರೆಯನ್ನೂ ನೆನಪಿಟ್ಟುಕೊಳ್ಳುತ್ತದೆ. ಒಂದೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ, ಒಂಬತ್ತು ತಿಂಗಳಿಗೆ, ಮೂರು ಸಲ.

ಒಂಬತ್ತು ತಿಂಗಳ ಹುಡುಗಿಯೊಬ್ಬಳು ತೊಡೆಗೆ ಸೂಜಿ ಬಿದ್ದ ಮೇಲೆ ಒಂದು ಕ್ಷಣ ಬಾಯಿ ತೆರೆದು ಸುಮ್ಮನಿದ್ದು, ಆಮೇಲೆ ಇಡೀ ಓಣಿಗೆ ಕೇಳುವಂತೆ ಕಿರುಚಿದಳು. ಎಂಥ ಗಟ್ಟಿ ಎದೆ! ನರ್ಸಮ್ಮ ತಾಯಿ ಕಾರ್ಡಿನಲ್ಲಿ ತಾರೀಖು ಬರೆದರು. ಅಜ್ಜಿ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಾ ಆಶಾ ಕಾರ್ಯಕರ್ತೆಯ ಕಡೆ ತಿರುಗಿದರು.

"ಮೂರೂ ಆಯ್ತಲ್ಲ ಕಣವ್ವ, ಇನ್ಮೇಲೆ ಇವಳಿಗೆ ಕೆಮ್ಮು ನೆಗಡಿ ಬರಕಿಲ್ವಾ?"

"ಬತ್ತದೆ ಅಜ್ಜಿ, ನೆಗಡಿ ಯಾರನ್ನ ಬಿಟ್ಟದೆ? ಬಂದಾಗ ನೀವೇ ಕವುಚಿ ಹೊದಿಸ್ಬುಟ್ಟು ಸುಮ್ನಾಗ್ಬೇಡಿ. ಅಂಗಿ ಬಿಚ್ಚಿ ಹೊಟ್ಟೆ ನೋಡಿ. ಉಸಿರು ನಿಮಿಷಕ್ಕೆ ಐವತ್ತು ದಾಟಿದ್ರೆ, ಪಕ್ಕೆ ಒಳಕ್ಕೆ ಸೆಳೀತಿದ್ರೆ, ಹಾಲು ಬಿಟ್ರೆ, ರಾತ್ರಿ ಎಷ್ಟೊತ್ತಾದ್ರೂ ನಂಗೆ ಫೋನ್ ಮಾಡಿ."

"ನಂಗೆ ಐವತ್ತರ ಮಟ ಎಣಿಸಾಕೆ ಬರದಿಲ್ವಲ್ಲ."

"ನಿಮ್ಮ ದೊಡ್ಡ ಮೊಮ್ಮಗ ಮೂರನೇ ಕ್ಲಾಸು ತಾನೆ? ಅವನನ್ನ ಕರೀರಿ, ಇವತ್ತೇ ಹೇಳ್ಕೊಡ್ತೀನಿ."